ನಾನು ರಿವರ್ಸ್ ಗೇರ್ ಸರಿಮಾಡಿದ್ದು

ಆ ರವಿವಾರ ನಾನು ಮಾಡಿದ ಕೆಲಸಗಳು ಇಷ್ಟು. ಎದ್ದ ಕೂಡಲೇ ಎಮ್ಮೆಗೆ ಕಣಿಕಿ ಹಾಕಿದೆ. ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಸ್ನಾನ, ಪೂಜೆ ಮುಗಿಸಿದೆ. ನಾಲ್ಕನೇ ಇಯತ್ತೆಯ ಮಕ್ಕಳ ಮರಾಠಿ ಶುದ್ಧಲೇಖನದ ವಹಿಗಳನ್ನು ತಿದ್ದಿದೆ. ಸಡಿಲಾಗಿದ್ದ ಹೊರಸಿನ ಹಗ್ಗ ಬಿಗಿದೆ. ನಡುಮನೆಯ ಮೂಲೆಯಲ್ಲಿದ್ದ ಜೇಡರ ಬಲೆ ತೆಗೆದೆ. ಎರಡು ಅಂಗಿಗಳಿಗೆ ಗುಂಡಿ ಹಚ್ಚಿದೆ. ಒಂದು ಮೋಟಾರಿನ ಗೇರ್‌ಬಾಕ್ಸ್ ಬಿಚ್ಚಿದೆ.

ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಸರಿಯಾಗಿಯೇ ಆದವು.

ಉಮರ್ಗಾದಂಥ ಊರಲ್ಲಿ ಶಾಲೆಯ ಮಾಸ್ತರನಿಗೆ ಮೋಟಾರು ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ನಿಲಂಗಾದಿಂದ ಬಂತು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಹೋದ ಮೇಲೆ ಕೋರ್ಟು ಕಚೇರಿಗಳಲ್ಲಿ ಉರ್ದು ಹಿಂದೆ ಸರಿದು ಮರಾಠಿ ಮುಂದೆ ಬರತೊಡಗಿತು. ನಿಲಂಗಾದ ವಯಸ್ಸಾದ ವಕೀಲರೊಬ್ಬರು, ಈ ವಯಸ್ಸಿನಲ್ಲಿ ಇನ್ನೊಮ್ಮೆ ಅಕ್ಷರ ತೀಡಲಾರೆನೆಂದು ಹೈದರಾಬಾದಿನ ಮಗನ ಮನೆಗೆ ಹೊರಟರು. ನಾನೂ ನಲವತ್ತನೇ ವಯಸ್ಸಿನವರೆಗೆ ಉರ್ದು ಕಲಿಸಿದವನೇ. ಆದರೆ ನನಗೆ ಹೈದರಾಬಾದಿನಲ್ಲಿ ಮಗನಿಲ್ಲದ ಕಾರಣ ಅಕ್ಷರ ತೀಡಿದೆ. ವಕೀಲರು ಹೊರಡುವಾಗ, ಯುದ್ಧಕ್ಕಿಂತ ಮೊದಲಿನ ತಮ್ಮ ಕರಿ ಮೋಟಾರನ್ನು ಒಂದು ಜೋಡಿ ಎತ್ತಿನ ಬೆಲೆಗೆ ನನಗೆ ಕೊಟ್ಟರು. ಕೊಟ್ಟು, ಅದರ ಬಾನೆಟ್ಟಿನ ಮೇಲೆ ಕೈಯಾಡಿಸಿ ಕಣ್ಣು ಒರೆಸಿಕೊಂಡರು. ಅದು ದುಃಖದ ಕಣ್ಣೀರೆಂದು ನಾನು ತಿಳಿದೆ. ಬಿಡುಗಡೆಯ ಕಣ್ಣೀರೂ ನೋಡಲು ಹಾಗೆಯೇ ಇರುತ್ತದೆ.

ಹಾಗೆಂದು ಗಾಡಿ ಕೆಟ್ಟದ್ದಲ್ಲ. ಬೆಕ್ಕು ನಡೆದಂತೆ ಸದ್ದಿಲ್ಲದೆ ನಡೆಯುತ್ತಿತ್ತು. ಮುಂದಕ್ಕೆ ಹೋಗಲು ಮೂರು ಗೇರು, ಹಿಂದಕ್ಕೆ ಬರಲು ಒಂದು. ಈ ಹಿಂದಿನ ಗೇರಿಗೆ ಮಾತ್ರ ಒಂದು ದುರ್ಗುಣ ಅಂಟಿಕೊಂಡಿತ್ತು. ಹಾಕಿದರೆ ನಿಲ್ಲುತ್ತಿರಲಿಲ್ಲ. ಎರಡು ಮಾರು ಹಿಂದೆ ಹೋಗುವಷ್ಟರಲ್ಲಿ ಗೇರಿನ ಕೋಲು ಟಕ್ಕೆಂದು ತಾನಾಗಿ ಹೊರಗೆ ಜಿಗಿಯುತ್ತಿತ್ತು. ಅದಕ್ಕೆ ನಾವೊಂದು ವ್ಯವಸ್ಥೆ ಮಾಡಿಕೊಂಡಿದ್ದೆವು. ನನ್ನ ಹೆಂಡತಿ ಕಾಶೀಬಾಯಿ ಪಕ್ಕದಲ್ಲಿ ಕುಳಿತು, ಹಾಲು ಕರೆಯುವಾಗ ಕರುವನ್ನು ಹಿಡಿದಂತೆ, ಎರಡೂ ಕೈಯಿಂದ ಆ ಕೋಲನ್ನು ಹಿಡಿಯುವುದು. ನಾನು ಹಿಂದೆ ನೋಡುತ್ತ ನಡೆಸುವುದು. ನಮ್ಮ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಬ್ಬರೂ ಒಟ್ಟಿಗೆ, ಜಗಳವಿಲ್ಲದೆ ಮಾಡಿದ ಕೆಲಸ ಅದೊಂದೇ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಗುಂಜೋಟಿಯಿಂದ ಬೀಗಿತಿಯ ಮಾತು ಬಂತು.

ನಮ್ಮ ಒಬ್ಬಳೇ ಮಗಳು ಶಾಂತಾಳನ್ನು ಗುಂಜೋಟಿಗೆ ಕೊಟ್ಟಿದ್ದೆವು. ಆಗ ಅವಳಿಗೆ ಏಳನೇ ತಿಂಗಳು. ಮೊದಲನೇ ಬಾಣಂತನ ತವರಿನಲ್ಲಿ ಆಗಬೇಕು. ಕಾಶೀಬಾಯಿ ಎರಡು ತಿಂಗಳಿಂದ ಅದೇ ತಯಾರಿಯಲ್ಲಿದ್ದಳು. ತೊಟ್ಟಿಲಿಗೆ ಹೊಸ ಹಗ್ಗ ಬಂದಿತ್ತು. ಹಳೆಯ ಧೋತರಗಳನ್ನು ಕುದಿಸಿ ಮಡಚಿಟ್ಟಿದ್ದಳು. ಅಂಟು, ಉತ್ತತ್ತಿ, ಬೆಳ್ಳುಳ್ಳಿ ಕೂಡಿದ್ದವು. ಒಂದು ಗಡಿಗೆ ತುಂಬ ಔಡಲೆಣ್ಣೆ ಕಾಸಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಳು. ಆ ಗಡಿಗೆಯ ಕಡೆ ನೋಡುವಾಗ ಆಕೆಯ ಮುಖ ಬೇರೆಯೇ ಆಗುತ್ತಿತ್ತು.

ಬೀಗಿತಿ ಭಾಗಮ್ಮ ಹೇಳಿ ಕಳಿಸಿದ್ದು ಇಷ್ಟು: ಆ ಹಾಳು ರಸ್ತೆಯಲ್ಲಿ ಸೊಸೆಯನ್ನು ಬಂಡಿಯಲ್ಲಿ ಕಳಿಸುವುದಿಲ್ಲ. ನಿಮ್ಮ ಮೋಟಾರು ಸೋಮವಾರ ಬಂದರೆ ಕಳಿಸುತ್ತೇವೆ. ಮಂಗಳವಾರ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ. ಬುಧವಾರಕ್ಕೆ ಎಂಟನೇ ತಿಂಗಳು ಬೀಳುತ್ತದೆ, ಎಂಟರಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸೋಮವಾರ ಬರದಿದ್ದರೆ ಬಾಣಂತನ ಇಲ್ಲೇ.

"ಸೋಮವಾರ ಹೋಗೋಣ. ಅದ್ರಾಗ ಏನದ?" ಎಂದೆ.

"ಗಾಡಿ ಸರಿ ಅದ ಹೌದಿಲ್ಲ?" ಎಂದಳು ಕಾಶೀಬಾಯಿ.

ಆ ಪ್ರಶ್ನೆಯನ್ನು ಆಕೆ ಕೇಳಬಾರದಿತ್ತು. ಕೇಳಿದ್ದರಿಂದಲೇ ನಾನು ಯೋಚನೆಗೆ ಬಿದ್ದೆ. ಬೀಗರ ಅಂಗಳದಲ್ಲಿ, ಅವರ ಓಣಿಯ ಜನವೆಲ್ಲ ನೋಡುತ್ತಿರುವಾಗ, ನನ್ನ ಹೆಂಡತಿ ಎರಡು ಕೈಯಿಂದ ಗೇರು ಹಿಡಿದು ಕೂರುವುದೇ? ಒಬ್ಬ ಮಾಸ್ತರನ ಮರ್ಯಾದೆ ಏನಾಗಬೇಕು? ಅದೂ ಅಲ್ಲದೆ ಬರುವಾಗ ಆಕೆ ಹಿಂದಿನ ಸೀಟಿನಲ್ಲಿ ಮಗಳನ್ನು ಹಿಡಿದುಕೊಳ್ಳಬೇಕು. ಮಗಳನ್ನೂ ಗೇರನ್ನೂ ಒಟ್ಟಿಗೆ ಹಿಡಿಯಲು ಆಕೆಗೆ ನಾಲ್ಕು ಕೈಗಳಿಲ್ಲ.

ಬಸ್ಸು ನಿಲ್ಲುವಲ್ಲಿ ಶೆಡ್ಡು ಹಾಕಿಕೊಂಡಿದ್ದ ಇಮಾಮಸಾಬ್ ಉಸ್ತಾದರ ಬಳಿ ಹೋದೆ. ಅವರು ಹೊಸ ಶೇರವಾನಿ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದರು.

"ಉದಗೀರಕ್ಕ ಹೊಂಟೀನಿ ಮಾಸ್ತರ್ ಸಾಬ್. ತಂಗಿ ಮಗಳ ನಿಕಾಹ್. ಮೂರು ದಿನ."

ನಾನು ಗೇರಿನ ವಿಷಯ ಹೇಳಿದೆ. ಉಸ್ತಾದರು ನಕ್ಕರು.

"ಬಾಯಿಯವ್ರು ಹಿಡಿತಾರಲ್ಲ? ಹಿಡೀಲಿ ಬಿಡ್ರಿ. ನಾ ಬರೋತನಕ ಹಾತ್ ಮತ್ ಲಗಾನಾ. ಕೈ ಹಚ್ಚಬ್ಯಾಡ್ರಿ. ಅದರೊಳಗ ಭಾಳ ನಾಜೂಕ್ ಕಾರಭಾರ ಅದ."

ಬಸ್ಸು ಬಂತು. ಉಸ್ತಾದರು ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ ಮತ್ತೊಮ್ಮೆ "ಕೈ ಹಚ್ಚಬ್ಯಾಡ್ರಿ!" ಎಂದು ಕೂಗಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಎಚ್ಚರಿಕೆ ಹೇಳಿದವನು ನಾನು. ಎಚ್ಚರಿಕೆ ಕೊಡುವವರಿಗೆ ಅದನ್ನು ಕೇಳಿಸಿಕೊಳ್ಳುವ ಅಭ್ಯಾಸ ಇರುವುದಿಲ್ಲ.

ಹೀಗೆ ರವಿವಾರ ಮಧ್ಯಾಹ್ನ, ಅಂಗಿಗೆ ಗುಂಡಿ ಹಚ್ಚಿ ಮುಗಿದ ಮೇಲೆ, ನಾನು ತಿರುಪು ಬಿಚ್ಚುವ ಪಾನಾ ಹಿಡಿದು ಕೊಟ್ಟಿಗೆಗೆ ಹೋದೆ. ಪಕ್ಕದ ಮನೆಯ ಮಾಳಪ್ಪ ಬಂದು ಬಾಗಿಲಿಗೆ ಒರಗಿ ನಿಂತ. ಮಾಳಪ್ಪ ಕುರಿ ಸಾಕಿದವನು, ಒಂದಿಷ್ಟು ಹೊಲವೂ ಉಂಟು. ಬೀರಪ್ಪನ ಭಕ್ತ. ಬಂಡಿಯ ವಿಷಯದಲ್ಲಿ ಅವನ ಮಾತು ನಮ್ಮ ಓಣಿಯಲ್ಲಿ ಕೊನೆಯ ಮಾತು. ಬಂಡಿಗೂ ಮೋಟಾರಿಗೂ ಹೆಚ್ಚು ವ್ಯತ್ಯಾಸವಿದೆ ಎಂದು ಅವನು ಒಪ್ಪಿದವನೇ ಅಲ್ಲ.

"ಏನ್ ಬಿಚ್ಚಲಾಕತ್ತೀರಿ ಮಾಸ್ತರ್?"

"ಗೇರ್‌ಬಾಕ್ಸ್. ಮೊದಲ ಹಳೇ ಎಣ್ಣಿ ತಗೀಬೇಕು."

"ತಗೀರಿ ತಗೀರಿ. ಎಣ್ಣಿ ಕೆಟ್ರ ಎಲ್ಲಾ ಕೆಡತದ."

ಕೆಳಗಿನ ತಿರುಪು ಬಿಚ್ಚಿ, ಕಾಶೀಬಾಯಿಯ ಹಿಟ್ಟು ನಾದುವ ಪರಾತವನ್ನು ಕೆಳಗಿಟ್ಟೆ. ಎಣ್ಣೆ ಝುಣಕದ ಹಾಗೆ ದಪ್ಪಗೆ ಇಳಿಯಿತು. ಬೆರಳಿನಲ್ಲಿ ತಿಕ್ಕಿ ನೋಡಿದರೆ ತುಂಬ ಕಟ್ಟಿಗೆಯ ಪುಡಿ! ಬಡಗಿ ಗರಗಸ ಎಳೆಯುವಾಗ ಉದುರುತ್ತದಲ್ಲ, ಅದೇ ಪುಡಿ.

"ಛೇ ಛೇ," ಎಂದೆ. "ಇಷ್ಟು ವರ್ಷ ಒಳಗ ಯಾರೂ ಕಸಾನೇ ಹೊಡದಿಲ್ಲ."

ವಕೀಲರ ಡ್ರೈವರನ ಸೋಮಾರಿತನಕ್ಕೆ ಮರುಗಿ, ನನ್ನ ಶುಭ್ರವಾದ ಧೋತರದ ತುದಿಯಲ್ಲಿ ಆ ಎಣ್ಣೆಯನ್ನೆಲ್ಲ ಶೋಧಿಸಿದೆ. ಒಂದು ತಾಸು ಹಿಡಿಯಿತು. ಶೋಧಿಸಿ ಶೋಧಿಸಿ ಎಣ್ಣೆ ಬಂಗಾರದ ಬಣ್ಣಕ್ಕೆ ಬಂತು. ಒಂದು ಚೂರು ಪುಡಿ ಉಳಿಸಲಿಲ್ಲ. ಆ ಪುಡಿ ಏನೆಂದು ಉಸ್ತಾದರು ಆಮೇಲೆ, ಬಹಳ ತಡವಾಗಿ, ತಿಳಿಸಿದರು. ಗಾಡಿಯ ಗೇರಿನ ಹಲ್ಲುಗಳು ಸವೆದು ಹೋಗಿದ್ದವಂತೆ. ಅವು ಸದ್ದು ಮಾಡಬಾರದೆಂದು ಆ ಪುಡಿಯನ್ನು ಬೇಕೆಂತಲೇ ಹಾಕಿದ್ದಂತೆ. "ಅದು ಕಚರಾ ಅಲ್ಲ ಮಾಸ್ತರ್ ಸಾಬ್, ದವಾ ಇತ್ತು ದವಾ!" ಎಂದು ಹಣೆ ಬಡಿದುಕೊಂಡರು. ಬೆಕ್ಕಿನ ನಡಿಗೆಯ ಗುಟ್ಟು ನನ್ನ ಧೋತರದಲ್ಲಿ ಉಳಿಯಿತು.

ಶೋಧಿಸಿದ ಎಣ್ಣೆಯಲ್ಲಿ ಅರ್ಧವನ್ನು ಮಾಳಪ್ಪ ಕಾಲು ತಾಗಿಸಿ ಚೆಲ್ಲಿದ. "ಹೋಗ್ಲಿ ಬಿಡ್ರಿ, ಪುಂಡಿ ಬೀಜದ ಎಣ್ಣಿ ಹಾಕೋಣ, ಇಲ್ಲಾ ಬಂಡಿ ಕೀಲೆಣ್ಣಿ ಕೊಡ್ತೀನಿ," ಎಂದ. ನಾನು ಕಲಿತವನು. ಅಂಥ ಅಡ್ಡಾದಿಡ್ಡಿ ಕೆಲಸ ಮಾಡುವವನಲ್ಲ. ಅಡುಗೆಮನೆಗೆ ಹೋಗಿ ಬಾಣಂತಿಯ ಔಡಲೆಣ್ಣೆಯ ಗಡಿಗೆ ತಂದೆ.

(ಇದನ್ನೂ ಹೇಳಿಬಿಡುತ್ತೇನೆ. ಆ ಎರಡು ದಿನಗಳಲ್ಲಿ ನಾನು ಮಾಡಿದ್ದರಲ್ಲಿ ಸರಿಯಾದದ್ದು ಈ ಔಡಲೆಣ್ಣೆ ಒಂದೇ ಎಂದು ಉಸ್ತಾದರು ಒಪ್ಪಿದರು. ಅದೊಂದಕ್ಕೇ ಕಾಶೀಬಾಯಿ ನನ್ನನ್ನು ಇಂದಿಗೂ ಕ್ಷಮಿಸಿಲ್ಲ.)

ಇನ್ನು ಮೇಲಿನ ಮುಚ್ಚಳ. ಕಾಲಿಡುವ ಹಲಗೆಗಳನ್ನು ಎತ್ತಿದರೆ ಕೆಳಗೇ ಗೇರ್‌ಬಾಕ್ಸ್, ಅದರ ಮೇಲೆ ಎಂಟು ತಿರುಪಿನ ಒಂದು ಮುಚ್ಚಳ. ಎಂಟನ್ನೂ ಬಿಚ್ಚಿ, ಕ್ರಮವಾಗಿ ಒಂದು ತಟ್ಟೆಯಲ್ಲಿ ಜೋಡಿಸಿದೆ. ಮುಚ್ಚಳವನ್ನು ಮೆಲ್ಲಗೆ ಎತ್ತಿದೆ.

ಟಪ್! ಟಪ್! ಟಪ್!

ಮೂರು ಸಣ್ಣ ಸ್ಪ್ರಿಂಗುಗಳು ನನ್ನ ಮೂಗಿನ ಮುಂದೆ ಹಾರಿದವು. ಅವುಗಳ ಜೊತೆ ಮೂರು ಉಕ್ಕಿನ ಗುಂಡುಗಳು. ಕಡಲೆಕಾಳಿನಷ್ಟು ದಪ್ಪ. ಹಾಕಿದ ಗೇರು ಹಾಕಿದಲ್ಲೇ ನಿಲ್ಲುವಂತೆ ಒಳಗಿನ ಸರಳುಗಳನ್ನು ಒತ್ತಿ ಹಿಡಿಯುವ ಗುಂಡುಗಳು ಅವು. ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅವು ಹಾರಿದ್ದು ಮಾತ್ರ.

ಸ್ಪ್ರಿಂಗು ಮೂರೂ ಸಿಕ್ಕವು. ಗುಂಡು ಎರಡು ಸಿಕ್ಕವು. ಮೂರನೆಯದು ಎಮ್ಮೆಯ ಕಣಿಕಿಯ ರಾಶಿಯ ಕಡೆ ಹೋದದ್ದನ್ನು ಮಾಳಪ್ಪ ನೋಡಿದ್ದ. ಕಾಶೀಬಾಯಿಯನ್ನು ಕರೆದೆ.

"ಏನ್ ಹುಡುಕಬೇಕ್ರೀ?"

"ಒಂದು ಗುಂಡು. ಕಡ್ಲಿಯಷ್ಟು."

"ಬಿಚ್ಚಿದ್ದು ಯಾರು?"

"ಅದು ಈಗ ಮುಖ್ಯ ಅಲ್ಲ."

ಆಕೆ ಮೊರ ತಂದಳು. ಕೊಟ್ಟಿಗೆಯ ಕಸವನ್ನೆಲ್ಲ ಜೋಳ ಕೇರುವಂತೆ ಕೇರಿದಳು. ಅದರಲ್ಲಿ ಒಂದು ಅಂಗಿಯ ಗುಂಡಿ, ಎರಡು ತುಂಡು ಬಳಪ, ನಿಜಾಮನ ಕಾಲದ ಒಂದು ತೂತಿನ ದುಡ್ಡು, ಮತ್ತು ನಾನು ಕಳೆದ ವರ್ಷ ಯಾರೋ ಕದ್ದರೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ ನನ್ನ ಫೌಂಟನ್ ಪೆನ್ನಿನ ಮುಚ್ಚಳ ಸಿಕ್ಕವು. ಗುಂಡು ಸಿಗಲಿಲ್ಲ.

"ನಾಳಿಗ ಸೋಮವಾರ," ಎಂದಳು ಕಾಶೀಬಾಯಿ. ಮೊರವನ್ನು ಗೋಡೆಗೆ ಒರಗಿಸಿ ನಿಂತಳು. ಆಕೆ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಗ ಮಾಳಪ್ಪ ಮನೆಗೆ ಹೋಗಿ ಎತ್ತಿನ ಕೊರಳಿನ ಗೆಜ್ಜೆಸರ ತಂದ.

"ಮಾಸ್ತರ್, ಗೆಜ್ಜಿ ಒಳಗ ಏನ್ ಇರತದ?"

"ಗುಂಡು."

"ಮತ್ತ? ಗುಂಡಂದ್ರ ಗುಂಡು."

ಒಂದು ಗೆಜ್ಜೆಯ ಬಾಯಿಯನ್ನು ಇಕ್ಕಳದಿಂದ ಅಗಲಿಸಿ ಒಳಗಿನ ಕಬ್ಬಿಣದ ಗುಂಡನ್ನು ನನ್ನ ಅಂಗೈಗೆ ಹಾಕಿದ. ನೋಡಲು ಹಾಗೆಯೇ ಇತ್ತು. ತುಸು ಒರಟು, ತುಸು ದಪ್ಪ. ಹಿಂದಿನ ಗೇರಿನ ತೂತಿನಲ್ಲಿ ಇಟ್ಟೆ. ಇಳಿಯಲಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಇಳಿಯಲಿಲ್ಲ. ಮಾಳಪ್ಪ "ತರ್ರಿ ಇಲ್ಲಿ" ಎಂದು ಸುತ್ತಿಗೆ ಇಸಕೊಂಡು ಒಂದೇ ಏಟು ಹಾಕಿದ. ಇಳಿಯಿತು. ಇಳಿದದ್ದು ಮತ್ತೆ ಬರಲೂ ಇಲ್ಲ, ಅಲ್ಲಾಡಲೂ ಇಲ್ಲ.

ಎಲ್ಲ ಮುಚ್ಚಿ, ಎಂಟು ತಿರುಪು ಬಿಗಿದು, ಪರೀಕ್ಷೆಗೆ ಕುಳಿತೆ. ಮೊದಲನೇ ಗೇರು ಬಿತ್ತು. ಎರಡನೆಯದು ಬಿತ್ತು. ಮೂರನೆಯದು ಬಿತ್ತು. ಹಿಂದಿನ ಗೇರಿನ ಕಡೆ ಕೋಲು ತಳ್ಳಿದೆ. ಹೋಗಲಿಲ್ಲ. ಕಾಲು ಊರಿ ತಳ್ಳಿದೆ. ಬಂಡೆಯನ್ನು ತಳ್ಳಿದಂತೆ.

"ನೋಡ್ರಿ," ಎಂದ ಮಾಳಪ್ಪ ಹೆಮ್ಮೆಯಿಂದ, "ಈಗ ಹೊರಗ ಜಿಗ್ಯಂಗಿಲ್ಲ."

ನಿಜ. ಒಳಗೆ ಹೋದರಲ್ಲವೇ ಹೊರಗೆ ಜಿಗಿಯುವುದು!

ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ. ಮಾಳಪ್ಪ ಪಕ್ಕದಲ್ಲಿ ಕುಳಿತು ತಂಬಾಕು ತಿಕ್ಕುತ್ತ ಸಮಾಧಾನ ಹೇಳಿದ. "ಬಂಡಿಗಿ ಹಿಂದಿನ ಗೇರ್ ಎಲ್ಲದ ಹೇಳ್ರಿ? ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ನಡದಾವ. ಮುಂದ ನೋಡಿ ಹೋಗೋದು, ಸುತ್ತ ಹಾಕಿ ಬರೋದು. ಗುಂಜೋಟ್ಯಾಗ ಊರ ಅಗಸಿ ಬಾಗಲ ಹೊರಗ ಬಯಲದ. ಅಲ್ಲೇ ನಿಂದರಸ್ರಿ, ಅಲ್ಲೇ ತಿರುಗಿಸ್ಕೊಂಡು ಬರ್ರಿ. ನಾನೂ ಬರ್ತೀನಿ."

ಮಾತು ಸರಿ ಎನಿಸಿತು. ಬೀಗರಿಗೆ ಏನೂ ತಿಳಿಯುವ ಅಗತ್ಯವಿಲ್ಲ.

ಸೋಮವಾರ ಬೆಳಿಗ್ಗೆ ನಾನು ಕೋಟು ಹಾಕಿಕೊಂಡು ಸ್ಟಿಯರಿಂಗ್ ಹಿಡಿದೆ. ಕಾಶೀಬಾಯಿ ಹಿಂದಿನ ಸೀಟಿನಲ್ಲಿ ಉಡಿ ತುಂಬುವ ಸಾಮಾನಿನ ಬುಟ್ಟಿ ಹಿಡಿದು ಕುಳಿತಳು. ಮಾಳಪ್ಪ ಕೆಂಪು ರುಮಾಲು ಸುತ್ತಿ ಪಕ್ಕದ ಫುಟ್‌ಬೋರ್ಡಿನ ಮೇಲೆ ನಿಂತ. ಒಳಗೆ ಕುಳಿತುಕೋ ಎಂದರೆ, "ಕುಂತ್ರ ನನಗ ದಾರಿ ಕಾಣಂಗಿಲ್ಲ" ಎಂದ.

ಕೊಟ್ಟಿಗೆಯಲ್ಲಿ ಬಾಗಿಲಿಗೆ ಮುಖ ಮಾಡಿಯೇ ನಿಂತಿದ್ದ ಗಾಡಿ ಹೊರಟಿತು. ಹೊರಟ ಕೂಡಲೇ ಊಳಿಟ್ಟಿತು!

ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಶುಭ್ರವಾದ, ಬಂಗಾರದ ಬಣ್ಣದ ಎಣ್ಣೆಯಲ್ಲಿ ಸವೆದ ಹಲ್ಲುಗಳೆಲ್ಲ ಒಂದಕ್ಕೊಂದು ತಮ್ಮ ಹಳೆಯ ದುಃಖ ಹೇಳಿಕೊಳ್ಳತೊಡಗಿದವು. ಒಂದನೇ ಗೇರಿನಲ್ಲಿ ನರಳಿಕೆ, ಎರಡರಲ್ಲಿ ಅಳು, ಮೂರರಲ್ಲಿ ಎದೆ ಬಡಿದುಕೊಳ್ಳುವುದು. ರಸ್ತೆಯ ಬದಿಯ ಕುಸುಬೆ ಹೊಲದಿಂದ ಹಕ್ಕಿಗಳೆಲ್ಲ ಎದ್ದವು. ಒಂದು ಕುರಿ ಹಿಂಡು ಎದುರಿಗೆ ಬಂತು. ಕುರಿಗಳು ದಾರಿ ಬಿಡುವುದಿರಲಿ, ತಮ್ಮವರೇ ಯಾರೋ ಕಷ್ಟದಲ್ಲಿದ್ದಾರೆಂದು ಗಾಡಿಯ ಸುತ್ತ ನೆರೆದು ಉತ್ತರ ಕೊಡತೊಡಗಿದವು. ಮಾಳಪ್ಪ ಇಳಿದು ಅವುಗಳನ್ನು ಬೇರೆ ಮಾಡಬೇಕಾಯಿತು.

"ನಿನ್ನಿತನ ಸುಮ್ಮ ಇತ್ತಲ್ರೀ ಇದು?" ಎಂದು ಕಾಶೀಬಾಯಿ ಹಿಂದಿನಿಂದ ಕೂಗಿದಳು.

"ನಿನ್ನಿತನ ಒಳಗ ಕಸ ಇತ್ತು!" ಎಂದು ನಾನು ಮುಂದಿನಿಂದ ಕೂಗಿದೆ.

ನಾಲ್ಕೈದು ಮೈಲಿನ ದಾರಿ. ಗುಂಜೋಟಿಯ ಅಗಸಿ ಕಾಣುವಷ್ಟರಲ್ಲಿ ಅರ್ಧ ಊರು ಅಲ್ಲಿ ನಿಂತಿತ್ತು. ನಡುವೆ ನಮ್ಮ ಬೀಗರು ಗುರಪ್ಪ, ಆರಡಿ ಆಳು, ಬಿಳಿ ಮೀಸೆ, ಕೈ ಜೋಡಿಸಿ ನಿಂತಿದ್ದರು.

"ಬರ್ರಿ ಬೀಗ್ರ! ಗಾಡಿ ಕಾಣೂಕಿಂತ ಮೊದಲ ಕೇಳಸ್ತು ನೋಡ್ರಿ."

ನಾನು ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬಹಳ ವಿನಯದಿಂದ ಇಳಿದೆ. "ಇಲ್ಲೇ ಇರ್ಲಿ ಬಿಡ್ರಿ ಗಾಡಿ. ನಡಕೊಂಡೇ ಬರ್ತೀವಿ."

"ಛೇ! ಅಗಸಿ ಹೊರಗ? ಏಳು ತಿಂಗಳ ಸೊಸಿನ ಓಣಿ ತುಂಬ ನಡಸ್ಕೊಂಡು ಬರಬೇಕೇನ್ರೀ? ಮೋಟಾರ್ ಮನಿ ಅಂಗಳಕ್ಕ ಬರಬೇಕು. ನಮ್ಮ ಓಣ್ಯಾಗ ಮೋಟಾರ್ ಬಂದದ್ದೇ ಇಲ್ಲ!"

"ಅಲ್ರೀ, ಓಣಿ ಸಣ್ಣದು..."

"ನಾ ನಿನ್ನಿ ಮೊಳ ಹಾಕಿ ಅಳದೀನ್ರೀ. ನಿಮ್ಮ ಗಾಡಿ ಬರತದ."

ಇಲ್ಲಿಯೇ ನಾನು ಬಾಯಿ ಬಿಡಬೇಕಿತ್ತು. ಹಿಂದಿನ ಗೇರು ಇಲ್ಲ ಎಂಬ ಮೂರು ಮಾತು. ಮಾಳಪ್ಪ ನನ್ನ ಮುಖ ನೋಡಿದ. ಕಾಶೀಬಾಯಿ ನನ್ನ ಬೆನ್ನು ನೋಡಿದಳು. ಅರ್ಧ ಊರು ನನ್ನ ಕೋಟು ನೋಡಿತು. ನಾನು ಹತ್ತಿ ಕುಳಿತು ಮೊದಲನೇ ಗೇರು ಹಾಕಿದೆ.

ಓಣಿಯ ಎರಡೂ ಬದಿಗೆ ನಾಲ್ಕು ನಾಲ್ಕು ಬೆರಳು ಜಾಗ ಬಿಟ್ಟು ಗಾಡಿ ಊಳಿಡುತ್ತ ಹೋಯಿತು. ಬೀಗರ ಮನೆಯ ದೊಡ್ಡ ಬಾಗಿಲು ದಾಟಿ ಅಂಗಳಕ್ಕೆ ಬಂತು. ಎಡಕ್ಕೆ ಮನೆಯ ಪಡಸಾಲೆ. ಬಲಕ್ಕೆ ಎತ್ತಿನ ಕೊಟ್ಟಿಗೆ, ಕಣಿಕಿಯ ಬಣವೆ. ಎದುರಿಗೆ ಆಳೆತ್ತರದ ಮಣ್ಣಿನ ಗೋಡೆ. ಗೋಡೆಯಿಂದ ಒಂದು ಮೊಳ ದೂರದಲ್ಲಿ ಗಾಡಿ ನಿಂತಿತು. ಒಂದು ಮೇಕೆ ತಿರುಗಲೂ ಜಾಗವಿರಲಿಲ್ಲ.

ಅಲ್ಲಿ ಕಳೆದ ಎರಡು ತಾಸಿನಲ್ಲಿ ಏನು ತಿಂದೆನೆಂದು ನನಗೆ ನೆನಪಿಲ್ಲ. ಒಳಗೆ ಹಾಡು ಹೇಳಿ ಉಡಿ ತುಂಬಿದರು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಉಡಿಯಲ್ಲಿ ಗೋಧಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಉತ್ತತ್ತಿ. ಶಾಂತಾ ಅತ್ತೆ ಮಾವಂದಿರ ಕಾಲಿಗೆ ನಮಸ್ಕಾರ ಮಾಡಿ ಹೊಸ್ತಿಲು ದಾಟಿ ಬಂದು ಗಾಡಿಯಲ್ಲಿ ಕುಳಿತಳು. ಕಾಶೀಬಾಯಿ ಪಕ್ಕದಲ್ಲಿ ಕುಳಿತಳು. ಐದು ಮಂದಿ ಮುತ್ತೈದೆಯರು ಆರತಿ ಬೆಳಗಿದರು. ಬೀಗರು ಗಾಲಿಯ ಮುಂದೆ ತೆಂಗಿನಕಾಯಿ ಒಡೆದರು. ನಾನು ಗಾಡಿ ಚಾಲು ಮಾಡಿದೆ. ಎಲ್ಲರೂ ನೋಡುತ್ತ ನಿಂತರು.

ನಾನೂ ನೋಡುತ್ತ ಕುಳಿತೆ.

"ಹ್ಞೂ, ನಡೀಲಿ!" ಎಂದರು ಗುರಪ್ಪ.

"ಹೌದ್ರೀ," ಎಂದೆ.

"ಏನಾಗ್ಯಾದ್ರೀ?"

ನಾನು ಕೆಮ್ಮಿದೆ. ಮಾಳಪ್ಪನಿಗೆ ತಡೆಯಲಾಗಲಿಲ್ಲ. "ಗೌಡ್ರ, ಮಾಸ್ತರ್ ಗಾಡಿ ಸರಿ ಮಾಡ್ಯಾರ್ರೀ. ಅದಕ್ಕ ಅದು ಹಿಂದಕ್ಕ ಹೋಗಂಗಿಲ್ಲ."

ಯಾರೋ ಹೆಂಗಸು ಸೆರಗು ಬಾಯಿಗೆ ಹಿಡಿದು ಕಿಸಕ್ಕೆಂದಳು. ನಮ್ಮ ಅಳಿಯ, ಸಾಧು ಹುಡುಗ, "ಅದಕ್ಕೇನ್ರೀ ಮಾಮಾ, ಹತ್ತು ಮಂದಿ ಇದ್ದೀವಿ, ಹಿಂದಕ್ಕ ನೂಕ್ತೀವಿ" ಎಂದು ತೋಳು ಮಡಚಿದ. ನನಗೆ ಜೀವ ಬಂತು.

"ಏಯ್! ಕೈ ತಗೀ!"

ಭಾಗಮ್ಮ. ಆರತಿಯ ತಟ್ಟೆ ಇನ್ನೂ ಕೈಯಲ್ಲಿತ್ತು.

"ಉಡಿ ತುಂಬಿಸ್ಕೊಂಡು ತವರಿಗಿ ಹೊಂಟ ಹುಡುಗಿನ ಹಿಂದಕ್ಕ ನೂಕತೀರಿ? ಯಾವ ಊರಾಗರ ಕೇಳೀರೇನು? ಹೊಂಟವಳು ಮುಂದಕ್ಕ ಹೋಗಬೇಕು."

"ಹಂಗಾದ್ರ ಶಾಂತಾ ಒಂದೀಟು ಇಳೀಲಿ ಅವ್ವಾ," ಎಂದ ಅಳಿಯ, "ಗಾಡಿ ಹೊರಗ ತಂದ ಮ್ಯಾಲ ಕೂಡ್ಲಿ."

"ಕಾಯಿ ಒಡದ ಮ್ಯಾಲ ಇಳಿತಾಳ? ಹೊಂಟವಳು ನಡುವ ಇಳದ್ರ ಮತ್ತ ಹೊಂಡೋದು ಯಾವಾಗ? ಮಂಗಳವಾರ? ಎಂಟನೇ ತಿಂಗಳದಾಗ? ಇಳದ್ರ ಇಲ್ಲೇ ಇರ್ಲಿ. ಬಾಣಂತನ ನಾ ಮಾಡ್ತೀನಿ. ನನಗೇನ್ ಭಾರ ಇಲ್ಲ."

ಕಾಶೀಬಾಯಿ ಮಗಳ ಕೈ ಹಿಡಿದುಕೊಂಡಳು. ಗಟ್ಟಿಯಾಗಿ, ಬಳೆಗಳ ಮೇಲೆಯೇ. ಬೀಗಿತಿಯ ಮನಸ್ಸು ಕೆಟ್ಟದ್ದಲ್ಲ, ಅದು ನಮಗೆಲ್ಲ ಗೊತ್ತು. ಆದರೆ ಅದು ಆ ಗೋಡೆಗಿಂತ ಗಟ್ಟಿ. ಇಳಿಯುವಂತಿಲ್ಲ. ಹಿಂದಕ್ಕೆ ಹೋಗುವಂತಿಲ್ಲ. ಮುಂದೆ ಗೋಡೆ. ಎರಡು ತಿಂಗಳಿಂದ ಕಾದ ತೊಟ್ಟಿಲು ನಮ್ಮ ಮನೆಯಲ್ಲಿ ಖಾಲಿ ತೂಗುವುದು ನನ್ನ ಕಣ್ಣಿಗೆ ಕಟ್ಟಿತು. ನನ್ನ ಪಾನಾ, ನನ್ನ ಧೋತರ, ನನ್ನ ಕೋಟು! ನಾನು ಬೀಗಿತಿಗೆ ಕೈ ಮುಗಿದೆ.

"ತಪ್ಪು ನಂದು ಅಕ್ಕೋರ. ಹಿಂದಿನ ಗೇರ್ ನಾನೇ ಕೆಡಿಸೀನಿ. ಅದು ಸರಿ ಇದ್ದಿದ್ರ ಈ ಹೊತ್ತು ಹಿಂಗ ಆಗ್ತಿದ್ದಿಲ್ಲ."

ಭಾಗಮ್ಮ ನನ್ನನ್ನು ಶಾಲೆಯ ದಡ್ಡ ಹುಡುಗನನ್ನು ನೋಡಿದಂತೆ ನೋಡಿದಳು.

"ಸರಿ ಇದ್ರೇನ್ರೀ ಮಾಸ್ತರ್? ಗೇರ್‌ಲೇ ಹೋದ್ರೂ ಹಿಂದಕ್ಕ ಅಂದ್ರ ಹಿಂದಕ್ಕೇ. ನಾ ಬಿಡ್ತಿದ್ದೆನೇನು?"

ಹಾಗಾದರೆ ಗೇರು ಜಿಗಿದರೂ ಅಷ್ಟೇ, ಜಿಗಿಯದಿದ್ದರೂ ಅಷ್ಟೇ. ಕಾಶೀಬಾಯಿ ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಂದು ಇಡೀ ರವಿವಾರ, ಒಂದು ಧೋತರ, ಒಂದು ಗಡಿಗೆ ಔಡಲೆಣ್ಣೆ, ಮಾಳಪ್ಪನ ಎತ್ತಿನ ಒಂದು ಗೆಜ್ಜೆ ಖರ್ಚು ಮಾಡಿ ನಾನು ಸರಿಮಾಡಹೊರಟದ್ದು, ಸರಿಯಾಗಿದ್ದರೂ ಯಾರೂ ಹಾಕಲು ಬಿಡದಂಥ ಗೇರನ್ನು!

ಶಾಂತಾ ನಗತೊಡಗಿದಳು. ಮೊದಲು ಸೆರಗಿನೊಳಗೆ, ಆಮೇಲೆ ಹೊರಗೆ. ಉಡಿಯ ಗೋಧಿ ಅಲುಗಿ ಉದುರಿತು. "ಅಪ್ಪಾ," ಎಂದಳು, "ನಾ ಇಲ್ಲೇ ಗಾಡ್ಯಾಗ ಹಡೀತೀನಿ ಬಿಡು. ಅದು ತವರ ಗಾಡಿ ಅಲ್ಲಾ?"

ಎಲ್ಲರೂ ನಕ್ಕರು. ಭಾಗಮ್ಮ ನಗಬಾರದೆಂದು ಆರತಿ ತಟ್ಟೆಯನ್ನೇ ನೋಡಿದಳು, ಆದರೂ ತಟ್ಟೆ ಅಲುಗಿತು. ಗುರಪ್ಪ ಮಾತ್ರ ನಗಲಿಲ್ಲ. ಅವರು ಎದುರಿನ ಗೋಡೆಯನ್ನು ನೋಡುತ್ತಿದ್ದರು. ಹತ್ತಿರ ಹೋಗಿ ಅಂಗೈಯಿಂದ ತಟ್ಟಿದರು. ಮಣ್ಣು ಉದುರಿತು.

"ಹ್ಯಾಂಗೂ ಹಳೇ ಗೋಡಿ," ಎಂದರು. "ಆಚಿ ಕಡಿ ನಮ್ಮದೇ ಕಣ. ಕಣ ದಾಟಿದ್ರ ಬಂಡಿ ಹಾದಿ. ಗುದ್ದಲಿ ತರ್ರಿ."

"ಬ್ಯಾಡ್ರೀ ಬೀಗ್ರ!" ಎಂದು ನಾನು ಇಳಿದು ಓಡಿದೆ. "ನನ್ನ ಮೂರ್ಖತನಕ್ಕ ನಿಮ್ಮ ಗೋಡಿ ಯಾಕ?"

"ಗೋಡಿ ಮತ್ತ ಕಟ್ಟಬಹುದ್ರೀ. ಕಟ್ಟೂದು ಬ್ಯಾಡ, ಅಲ್ಲೇ ಒಂದು ಅಗಸಿಯಂಥಾ ಬಾಗಿಲ ಇಡಸ್ತೀನಿ. ಕೂಸು ಕರಕೊಂಡು ಬರೂವಾಗ ಆ ಬಾಗಿಲದಿಂದ ಒಳಗ ಬರ್ರಿ, ಈ ಬಾಗಿಲದಿಂದ ಹೊರಗ ಹೋಗ್ರಿ. ನಿಮ್ಮ ಗಾಡಿಗಿ ಹಿಂದಕ್ಕ ಹೋಗೂ ಕೆಲಸಾನೇ ಬ್ಯಾಡ."

ಒಂದು ತಾಸು ಹಿಡಿಯಿತು. ಬೀಗರು ಹಾರೆ ಹಿಡಿದರು, ಅಳಿಯ ಗುದ್ದಲಿ ಹಿಡಿದ, ಮಾಳಪ್ಪ ರುಮಾಲು ತೆಗೆದಿಟ್ಟು ಮಣ್ಣು ಹೊತ್ತ. ನಾನೂ ಕೋಟು ಬಿಚ್ಚಿ ಗುದ್ದಲಿಗೆ ಕೈ ಚಾಚಿದೆ. "ನೀವು ಬ್ಯಾಡ್ರೀ, ನೀವು ಏನೂ ಮಾಡಬ್ಯಾಡ್ರೀ!" ಎಂದು ನಾಲ್ಕು ಕಡೆಯಿಂದ ಏಕಕಂಠದಲ್ಲಿ ಕೂಗು ಬಂತು. ಶಾಂತಾ ಗಾಡಿಯಲ್ಲೇ ಕುಳಿತು ಹುರಿದ ಶೇಂಗಾ ತಿಂದಳು. ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರೇ ಬಂದು ಕಿಟಕಿಯಿಂದ ಅವಳ ಕೆನ್ನೆ ಸವರಿ, ನನ್ನ ಕಡೆ ನೋಡಿ ನಗು ತಡೆದು, ಹೋದರು.

ಗೋಡೆ ಬಿತ್ತು. ಭಾಗಮ್ಮ ಇನ್ನೊಮ್ಮೆ ಆರತಿ ಬೆಳಗಿದಳು. ನಾನು ಮೊದಲನೇ ಗೇರು ಹಾಕಿದೆ. ಗಾಡಿ ಊಳಿಟ್ಟು, ಗೋಡೆಯ ಮಣ್ಣು ಹತ್ತಿ ಇಳಿದು, ಮುಂದಕ್ಕೆ, ಶಾಸ್ತ್ರೋಕ್ತವಾಗಿ ಮುಂದಕ್ಕೇ ಹೋಯಿತು. ರಾಶಿ ಮಾಡಲೆಂದು ಆ ಬೆಳಿಗ್ಗೆಯೇ ಸಗಣಿಯಿಂದ ಸಾರಿಸಿದ ಕಣದ ನಟ್ಟನಡುವೆ ಎರಡು ಗಾಲಿಗಳ ಗುರುತು, ಈ ತುದಿಯಿಂದ ಆ ತುದಿಗೆ, ಅಳತೆಪಟ್ಟಿ ಇಟ್ಟು ಎಳೆದಂತೆ ಮೂಡಿತು. ಕಣ ಸಾರಿಸಿದವಳು ಭಾಗಮ್ಮನೇ ಎಂದು ದಾರಿಯಲ್ಲಿ ಶಾಂತಾ ತಿಳಿಸಿದಳು. ನಾನು ಹಿಂದೆ ತಿರುಗಿ ನೋಡಲಿಲ್ಲ. ನನ್ನ ಗಾಡಿಯಂತೆ ನಾನೂ ಮುಂದಕ್ಕೇ ನೋಡಿದೆ.

ಹೊತ್ತು ಮುಳುಗುವ ಮೊದಲು ಉಮರ್ಗಾ ಮುಟ್ಟಿದೆವು. ಗಾಡಿ ಕೊಟ್ಟಿಗೆಯ ಗೋಡೆಗೆ ಮೂಗು ತಾಗಿಸಿ ನಿಂತಿತು. ಉಸ್ತಾದರು ಬರುವವರೆಗೆ ಹಾಗೆಯೇ ನಿಂತಿತ್ತು. ಕಾಶೀಬಾಯಿ ಬಾಗಿಲಲ್ಲಿ ಮಗಳಿಗೆ ದೃಷ್ಟಿ ತೆಗೆದಳು. ಆಮೇಲೆ, ಏನು ನೆನಪಾಯಿತೋ, ತಿರುಗಿ ಬಂದು ನನಗೂ ತೆಗೆದಳು. "ನಿಮಗ ಯಾರ ಕಣ್ಣು ಹತ್ತತಾವ, ಆದ್ರೂ ಇರ್ಲಿ," ಎಂದಳು.

ಊಟಕ್ಕೆ ಬೀಗರು ಕಟ್ಟಿ ಕೊಟ್ಟ ಗೋಧಿ ಹುಗ್ಗಿ ಇತ್ತು, ಹೋಳಿಗೆ ಇತ್ತು, ತುಪ್ಪ ಇತ್ತು. ಶಾಂತಾ ಯಾವುದನ್ನೂ ಮುಟ್ಟಲಿಲ್ಲ. "ಅವ್ವಾ, ಬಿಸಿ ರೊಟ್ಟಿ, ಪುಂಡಿಪಲ್ಯ," ಎಂದಳು. ಕಾಶೀಬಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದು ಹಾಕುತ್ತ ಹೋದಳು. ಮಗಳು ಮೂರೂವರೆ ತಿಂದಳು. ಉಳಿದ ಅರ್ಧ ರೊಟ್ಟಿ ಕಾಶೀಬಾಯಿ ತಿಂದಳು, ಅದೇ ಆಕೆಯ ಊಟ. ಹುಗ್ಗಿಯನ್ನು ನಾನೂ ಮಾಳಪ್ಪನೂ ಮುಗಿಸಿದೆವು. ಮಾಳಪ್ಪ ತುಪ್ಪವನ್ನೂ ಮುಗಿಸಿ ಮನೆಗೆ ಹೋದ.

ಊಟವಾದ ಮೇಲೆ ನಾನು ಗೋಡೆಗೆ ಒರಗಿ ಕುಳಿತು, ಆ ಗುಂಡು ಹಾರಿದ್ದರಲ್ಲಿ ವಾಸ್ತವವಾಗಿ ನನ್ನ ತಪ್ಪು ಎಷ್ಟು ಕಡಿಮೆ ಎಂಬುದನ್ನು ಮಗಳಿಗೆ ಮೊದಲಿನಿಂದ ವಿವರಿಸತೊಡಗಿದೆ.

"ನೋಡು ಶಾಂತಾ, ಒಳಗ ಮೂರು ಸರಳ ಇರತಾವ..."

"ಹ್ಞೂ."

"ಒಂದೊಂದರ ಮ್ಯಾಲ ಒಂದೊಂದು ಗುಂಡು..."

"ಹ್ಞೂ."

"ಅದರ ಮ್ಯಾಲ ಸ್ಪ್ರಿಂಗು..."

ಹ್ಞೂ ಬರಲಿಲ್ಲ. ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಹಸಿರು ಬಳೆಯ ಕೈ ಹೊಟ್ಟೆಯ ಮೇಲಿಟ್ಟು ಮಲಗಿಬಿಟ್ಟಿದ್ದಳು. ಆ ದಿನ ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.

"ಆ ಸ್ಪ್ರಿಂಗು ಏನ್ ಮಾಡ್ತದಂದ್ರ..." ಎಂದು ನಾನು ಕಾಶೀಬಾಯಿಯ ಕಡೆ ತಿರುಗಿದೆ.

"ಗೊತ್ತದ," ಎಂದಳು ಆಕೆ, ಮಗಳ ತಲೆ ಸವರುತ್ತ. "ಮನಿಗಿ ಬಂದಾಳ. ಸಾಕು. ಕಂದೀಲು ಸಣ್ಣ ಮಾಡ್ರಿ, ಬೆಳಕು ಕಣ್ಣಿಗಿ ಬೀಳತದ."

ಸಣ್ಣ ಮಾಡಲೆಂದು ತಿರುವಿದೆ. ಆರಿಹೋಯಿತು.